ಒಂಟಿ ಕಾಯಿ

ವಿಶಾಖಪಟ್ಟಣದ ಮಹಾರಾಣಿಪೇಟೆಯ ಒಂದು ಮೂರನೇ ಮಹಡಿಯ ಬಾಲ್ಕನಿ. ಶನಿವಾರ ಸಂಜೆ. ನನಗೆ 6-3 ಗರ ಬಿತ್ತು. ಹತ್ತು ಸೆಕೆಂಡೂ ಯೋಚಿಸದೆ ಕಾಯಿ ಎತ್ತಿ ಗಟ್ಟಿ ಮನೆಯಲ್ಲಿಟ್ಟೆ. ಎದುರಿಗಿದ್ದ ಹಿರಿಯರು ದಾಳ ಎತ್ತಿಕೊಳ್ಳುವ ಮೊದಲು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಭಯಂ ಎವರಿಕಿ? ನೀಕಾ, ನಾಕಾ?" ಎಂದರು. ಹೆದರಬೇಕಾದವರು ಯಾರು, ನೀನೋ ನಾನೋ? ಆಮೇಲೆ ದಾಳ ಉರುಳಿಸಿದರು. 5-2. ನನ್ನ ಅಂಗಳದಲ್ಲಿ ಸಿಕ್ಕಿಕೊಂಡಿದ್ದ ಅವರ ಒಂಟಿ ಕಾಯಿ ಏಳು ಹೆಜ್ಜೆ ಹಾಕಿ ತನ್ನ ಗುಂಪು ಸೇರಿತು. ಆಟ ಅಲ್ಲಿಗೇ ಮುಗಿದಂತಾಯಿತು.

ನಾನು ಜಮಖಂಡಿಯವನು. ಬಂದರಿನ ಸರಕು ಲೆಕ್ಕದ ಕೆಲಸ, ಹಾಗಾಗಿ ವಾರದಲ್ಲಿ ಐದು ದಿನ ವಿಶಾಖಪಟ್ಟಣ, ಎರಡು ದಿನ ವಿಜಯವಾಡ. ಈ ಹಿರಿಯರು ಸರಕು ಹಡಗುಗಳಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ನಾನು ಅವರನ್ನು ಗುರುವುಗಾರು ಎಂದೇ ಕರೆಯುವುದು. ಗ್ರೀಕ್ ಕ್ಯಾಪ್ಟನ್ ಒಬ್ಬನ ಹಡಗಿನಲ್ಲಿ ಅವರು ಕಲಿತ ಆಟ ಇದು. ಗ್ರೀಕರು ಇದನ್ನು ತಾವ್ಲಿ ಅನ್ನುತ್ತಾರೆ, ಇರಾನಿನವರು ನರ್ದ್, ಇಂಗ್ಲಿಷಿನವರು ಬ್ಯಾಕ್‌ಗ್ಯಾಮನ್.

ಪಗಡೆ ಬಲ್ಲವರಿಗೆ ಇದನ್ನು ಹೇಳಿಕೊಡಲು ಕಾಲು ಗಂಟೆ ಸಾಕು. ಹಲಗೆಯ ಮೇಲೆ 24 ಮನೆ, ಒಬ್ಬೊಬ್ಬರಿಗೆ 15 ಕಾಯಿ, ಎರಡು ದಾಳ. ಇಬ್ಬರ ಕಾಯಿಗಳೂ ಎದುರುಬದುರು ನಡೆಯುತ್ತವೆ. ಒಂದು ಮನೆಯಲ್ಲಿ ಎರಡು ಕಾಯಿ ಕೂತರೆ ಅದು ಗಟ್ಟಿ, ಎದುರಾಳಿ ಅಲ್ಲಿ ಕಾಲಿಡುವಂತಿಲ್ಲ. ಒಂಟಿಯಾಗಿದ್ದರೆ ಕಡಿಯಬಹುದು. ಕಡಿಸಿಕೊಂಡ ಕಾಯಿ ನಡುವಿನ ಪಟ್ಟಿಯ ಮೇಲೆ ಕೂತು, ಎದುರಾಳಿಯ ಅಂಗಳದಿಂದ, ಅಂದರೆ ಅವನ ಕೊನೆಯ ಆರು ಮನೆಗಳಲ್ಲಿ ದಾಳ ತೋರಿದ ಮನೆಯಿಂದ, ಮತ್ತೆ ಹೊರಡಬೇಕು. ಎಲ್ಲ ಕಾಯಿಗಳನ್ನೂ ಮೊದಲು ಹಣ್ಣು ಮಾಡಿದವರು ಗೆದ್ದರು.

ನನ್ನ ತೊಂದರೆ ಶುರುವಾದದ್ದೇ ಪಗಡೆಯಿಂದ. ಜಮಖಂಡಿಯ ಮನೆಯ ಪಡಸಾಲೆಯಲ್ಲಿ ಅಜ್ಜಿ ಪಗಡೆಯ ಬಟ್ಟೆ ಹಾಸಿ, 1, 3, 4, 6 ಚುಕ್ಕಿಯ ಉದ್ದನೆಯ ಹಿತ್ತಾಳೆ ದಾಳ ಉರುಳಿಸುತ್ತಿದ್ದಳು. ಅವಳ ಒಂದೇ ಪಾಠ: "ಜೋಡಿ ಮುರೀಬ್ಯಾಡೋ ತಮ್ಮಾ, ಒಂಟಿ ಕಾಯಿ ಸಾಯೋ ಕಾಯಿ." 96 ಮನೆಯ ಆ ಬಟ್ಟೆಯ ಮೇಲೆ ಸುತ್ತು ಮುಗಿಸಿ ಬಂದ ಕಾಯಿ ಕೊನೆಗೆ ಸತ್ತರೆ ಎಷ್ಟು ದೂರ ಮತ್ತೆ ನಡೆಯಬೇಕು ಎಂಬುದನ್ನು ನೆನೆಸಿಕೊಂಡರೆ ಅವಳ ಮಾತು ಸರಿಯೇ. ನಲವತ್ತು ವರ್ಷ ಅದು ನನ್ನ ಬೆರಳಿನಲ್ಲಿ ಕೂತಿತ್ತು. ತಾವ್ಲಿಯ ಹಲಗೆಯ ಮುಂದೆಯೂ ಬೆರಳು ಅದನ್ನೇ ಮಾಡಿತು.

ಅವತ್ತಿನ ಹಲಗೆಯನ್ನು ಈಗಲೂ ಕಣ್ಣು ಮುಚ್ಚಿ ಜೋಡಿಸಬಲ್ಲೆ. ಮನೆಗಳನ್ನು ನನ್ನ ಕಡೆಯಿಂದ ಎಣಿಸುತ್ತೇನೆ, ಅವರ ಅಂಗಳದವನ್ನು ಮಾತ್ರ ಅವರ ಕಡೆಯಿಂದ. ನನ್ನ ಅಂಗಳದಲ್ಲಿ 6, 4, 3ನೇ ಮನೆಗಳು ಗಟ್ಟಿ, ಆರರಲ್ಲಿ ಮೂರು ಕಾಯಿ, ಉಳಿದೆರಡರಲ್ಲಿ ಎರಡೆರಡು. ಎಂಟರಲ್ಲಿ ಮೂರು, ಹದಿಮೂರರಲ್ಲಿ ಮೂರು. ಇನ್ನೆರಡು ಕಾಯಿ ಅವರ ಅಂಗಳದ ಐದನೇ ಮನೆಯಲ್ಲಿ ಜೋಡಿಯಾಗಿ ಲಂಗರು ಹಾಕಿದ್ದವು. ನನ್ನ ಐದನೇ ಮನೆಯಲ್ಲಿ ಅವರ ಕಾಯಿ, ಒಂದೇ ಒಂದು. ಅವರ ಅಂಗಳದಲ್ಲಿ 6 ಮತ್ತು 4 ಮಾತ್ರ ಗಟ್ಟಿ, 3 ಮತ್ತು 2ರಲ್ಲಿ ಒಂದೊಂದು ಕಾಯಿ ಬತ್ತಲೆ ನಿಂತಿತ್ತು. ನಡೆಯಬೇಕಾದ ಒಟ್ಟು ಹೆಜ್ಜೆ ನನಗೆ 135, ಅವರಿಗೆ 120.

6-3ಕ್ಕೆ ನನ್ನ ಮುಂದೆ ಎರಡು ದಾರಿ. ಹದಿಮೂರರಿಂದ ಒಂದು ಕಾಯಿಯನ್ನು ನಾಲ್ಕಕ್ಕೆ ತಂದರೆ ಎಲ್ಲೂ ಒಂಟಿ ಉಳಿಯುವುದಿಲ್ಲ. ಅಜ್ಜಿ ಶಭಾಷ್ ಅನ್ನುತ್ತಿದ್ದಳು, ನಾನು ಆಡಿದ್ದೂ ಅದನ್ನೇ. ಇನ್ನೊಂದು, ಎಂಟರಿಂದ ಮೂರು ಹೆಜ್ಜೆ ಇಟ್ಟು ಅವರ ಕಾಯಿಯನ್ನು ಕಡಿದು, ಆರನ್ನು ಹದಿಮೂರರಿಂದ ಏಳಕ್ಕೆ ಆಡುವುದು. ಆಗ ಐದರಲ್ಲೂ ಏಳರಲ್ಲೂ ನನ್ನ ಕಾಯಿ ಒಂಟಿ. ಈ ಎರಡನೆಯದನ್ನು ಬಿಡಲು ಒಂದು ಲೆಕ್ಕವೂ ನನ್ನ ಹತ್ತಿರ ಇತ್ತು: ಕಡಿದರೆ ಅವರಿಗಾಗುವ ನಷ್ಟ ಐದೇ ಹೆಜ್ಜೆ, ಐದನೇ ಮನೆಯಲ್ಲಿ ನನ್ನ ಕಾಯಿ ತಿರುಗಿ ಸತ್ತರೆ ನನಗೆ ಇಪ್ಪತ್ತು. ಐದಕ್ಕೆ ಇಪ್ಪತ್ತು ಯಾವ ವ್ಯಾಪಾರಿ ಕೊಡುತ್ತಾನೆ?

ಮರುದಿನ ಮಧ್ಯಾಹ್ನ ವಿಜಯವಾಡಕ್ಕೆ ರತ್ನಾಚಲ ಎಕ್ಸ್‌ಪ್ರೆಸ್ ಹತ್ತಿದೆ. ಸುಮಾರು 350 ಕಿಲೋಮೀಟರ್, ಆರು ಗಂಟೆಯ ದಾರಿ. ತುನಿ ದಾಟಿದ ಮೇಲೆ ಒಂದು ರಶೀದಿಯ ಬೆನ್ನಿಗೆ ಅಡ್ಡ ಆರು, ಉದ್ದ ಆರು ಮನೆಯ ಚೌಕ ಗೀಚಿಕೊಂಡೆ. ಎರಡು ದಾಳ ಬೀಳುವ ಬಗೆ 36. ನಾನು ಕಡಿದಿದ್ದರೆ ಅವರು ಏನೇನು ಹಾಕಬಹುದಿತ್ತು? ಐದು ಬಂದ ಗರ 11, ಜೊತೆಗೆ 4-1, 3-2, ಮತ್ತು ಏಳನೇ ಮನೆಯ ಕಾಯಿಗೆ 6-1, ಎರಡೆರಡು ಬಗೆ. ಒಟ್ಟು 17. ನನ್ನ ಕಾಯಿ ಸಾಯುವುದು ಇಷ್ಟರಲ್ಲಿ. ಎರಡೂ ದಾಳದಲ್ಲಿ 3, 4, 6 ಮಾತ್ರ ಬಿದ್ದರೆ ಅವರ ಕಾಯಿ ಒಳಗೇ ಬರಲಾರದು, ಅಂಥವು 9. ಉಳಿದ 10ರಲ್ಲಿ ಕಾಯಿ ಬರುತ್ತದೆ, ಆದರೆ ಓಡಿಹೋಗಲು ಅವರ ಕೈಯಲ್ಲಿ ಪೂರ್ತಿ ಗರ ಇರುವುದಿಲ್ಲ.

ರೈಲು ರಾಜಮಂಡ್ರಿಯಲ್ಲಿ ಗೋದಾವರಿ ದಾಟುವಾಗ ನನಗೆ ಹೊಳೆದದ್ದು ಮುಂದಿನ ಸಾಲು. ಆ 17ರಲ್ಲಿ ನಾನು ಸತ್ತರೂ ಆಮೇಲೇನು? ಅವರ ಅಂಗಳದಲ್ಲಿ ಎರಡೇ ಬಾಗಿಲು ಮುಚ್ಚಿದ್ದವು. ನನ್ನ ಕಾಯಿ ಹೊರಗೇ ಉಳಿಯುವುದು 36ರಲ್ಲಿ 4 ಸಲ. ಒಳಗೆ ಬರುವಾಗ ಅವರ ಬತ್ತಲೆ ಕಾಯಿಗಳನ್ನು ಕಡಿಯುವ ಅವಕಾಶ ಬೇರೆ. ಲಂಗರಂತೂ ಇದ್ದೇ ಇತ್ತು. ಅಂದರೆ ಸಾವಿಗೆ ಬೆಲೆಯೇ ಇಲ್ಲದ ಜಾಗದಲ್ಲಿ ನಾನು ಜೀವ ಉಳಿಸಿಕೊಂಡು ಕೂತಿದ್ದೆ! ಹದಿನೈದು ಹೆಜ್ಜೆ ಹಿಂದಿದ್ದವನು, ಮುಂದಿರುವವನ ಕೊನೆಯ ಕಾಯಿಯನ್ನು ಕೈಯಾರೆ ದಾಟಿಸಿ ಕಳಿಸಿದ್ದೆ. ಐದಕ್ಕೆ ಇಪ್ಪತ್ತು ಎಂಬ ಲೆಕ್ಕ ತಪ್ಪಾಗಿರಲಿಲ್ಲ, ಅದು ಬೇರೆ ಪ್ರಶ್ನೆಗೆ ಉತ್ತರವಾಗಿತ್ತು. ಕಡಿಯುವುದರ ಲಾಭ ಐದು ಹೆಜ್ಜೆಯಲ್ಲ, ಅವರ ಅರ್ಧ ಗರ. ದಾಳದ ಒಂದು ಮುಖವನ್ನು ಅವರು ಒಳಗೆ ಬರುವುದಕ್ಕೇ ಖರ್ಚು ಮಾಡಬೇಕಿತ್ತು.

ಗವರ್ನರ್‌ಪೇಟೆಯ ವಸತಿಗೃಹದಲ್ಲಿ ಅದೇ ರಾತ್ರಿ ಲ್ಯಾಪ್‌ಟಾಪಿನಲ್ಲಿ ಗ್ನೂ ಬ್ಯಾಕ್‌ಗ್ಯಾಮನ್ ಎಂಬ ಉಚಿತ ತಂತ್ರಾಂಶಕ್ಕೆ ಇದೇ ಹಲಗೆ ಕೊಟ್ಟು ಕೇಳಿದೆ. ಕಡಿಯುವ ನಡೆಯನ್ನು ಅದು ಮೇಲಿಟ್ಟಿತು, ನನ್ನದು ಎಷ್ಟೋ ಕೆಳಗೆ. ಬೆಳಿಗ್ಗೆ ಪ್ರಕಾಶಂ ಬ್ಯಾರೇಜಿನ ಮೇಲೆ ನಡೆದೆ. ಜಮಖಂಡಿಯ ಪಕ್ಕ ಹರಿದು ಬಂದ ಕೃಷ್ಣೆಯೇ ಇಲ್ಲಿಯೂ. ಅಜ್ಜಿಯ ನೆನಪಾಗದೆ ಇರುತ್ತದೆಯೇ.

ಗುರುವುಗಾರು ಆಮೇಲೆ ಒಂದು ಹಳೆಯ ಪುಸ್ತಕ ಕೊಟ್ಟರು, ಪಾಲ್ ಮ್ಯಾಗ್ರಿಯಲ್ 1976ರಲ್ಲಿ ಬರೆದ 'ಬ್ಯಾಕ್‌ಗ್ಯಾಮನ್'. ಭದ್ರವಾಗಿ ಆಡಬೇಕೋ ಧೈರ್ಯವಾಗಿ ಆಡಬೇಕೋ ಎನ್ನಲು ಆತ ಕೇಳುವ ಪ್ರಶ್ನೆಗಳು ಸರಳ. ಎದುರಾಳಿಯ ಅಂಗಳ ಎಷ್ಟು ಗಟ್ಟಿ? ಅಲ್ಲಿ ನಿನಗೆ ಲಂಗರು ಇದೆಯೇ? ಅಲ್ಲಿ ಅವನ ಒಂಟಿ ಕಾಯಿಗಳಿವೆಯೇ? ಅವತ್ತು ಮೂರಕ್ಕೂ ಉತ್ತರ ಧೈರ್ಯದ ಕಡೆಗೇ ಇತ್ತು. ನಾನು ಒಂದನ್ನೂ ಕೇಳಿಕೊಂಡಿರಲಿಲ್ಲ.

ಓದಿದ ಹುರುಪಿನಲ್ಲಿ ಮುಂದಿನ ಮೂರು ಶನಿವಾರ ಕಂಡದ್ದನ್ನೆಲ್ಲ ಕಡಿದೆ. ಅವರು ನಾಲ್ಕು ಮನೆ ಗಟ್ಟಿ ಮಾಡಿಕೊಂಡು ಕೂತಿದ್ದಾಗ, ನನಗೆ ಲಂಗರೇ ಇಲ್ಲದಾಗಲೂ ಕಡಿದೆ. ಕಾಯಿಗಳು ಪಟ್ಟಿಯ ಮೇಲೆ ಸಾಲಾಗಿ ಕೂತವು. ಭಯ ಹೋಗಿ ಚಾಳಿ ಬಂದಿತ್ತು, ಅಷ್ಟೇ. ಘಟಾನುಘಟಿಗಳಿಗೂ ಹೀಗಾದದ್ದುಂಟು ಎಂಬುದೊಂದು ಸಮಾಧಾನ. ಮೊದಲ ಗರ 2-1 ಬಿದ್ದರೆ ಐದನೇ ಮನೆಗೆ ಒಂಟಿ ಕಾಯಿ ಇಳಿಸುವುದೇ ಸರಿ ಎಂದು ಒಂದು ಕಾಲದಲ್ಲಿ ನುರಿತವರು ಆಡುತ್ತಿದ್ದರು. ಐಬಿಎಂನಲ್ಲಿ ಜೆರಾಲ್ಡ್ ಟೆಸಾರೊ 1992ರಲ್ಲಿ ರೂಪಿಸಿದ ಟಿಡಿ-ಗ್ಯಾಮನ್ ಎಂಬ ತಂತ್ರಾಂಶ ತನ್ನ ಜೊತೆಗೇ ಲಕ್ಷಗಟ್ಟಲೆ ಆಟ ಆಡಿ ಕಲಿತು, ಅದಕ್ಕಿಂತ, ಹಿಂದಿನ ಕಾಯಿಗಳನ್ನು ಬಿಡಿಸುವ ನಡೆಯನ್ನೇ ಮೆಚ್ಚಿತು. ದೊಡ್ಡ ದೊಡ್ಡ ಆಟಗಾರರು ಅಭ್ಯಾಸ ಬದಲಿಸಿಕೊಂಡರು.

ಪಹ್ಲವಿ ಭಾಷೆಯಲ್ಲೊಂದು ಹಳೆಯ ಕಥೆಯಿದೆ. ಹಿಂದ್ ದೇಶದ ರಾಜ ಚದುರಂಗ ಕಳಿಸಿ ಇರಾನಿನವರನ್ನು ಪರೀಕ್ಷಿಸಿದನಂತೆ. ಅಲ್ಲಿನ ಮಂತ್ರಿ ಅದನ್ನು ಬಿಡಿಸಿದ್ದಲ್ಲದೆ, ನರ್ದ್ ಆಟ ಹೂಡಿ ತಂದು ನಮ್ಮ ಪಂಡಿತರ ಮುಂದಿಟ್ಟನಂತೆ. ನಮ್ಮವರಿಗೆ ಅದು ಬಗೆಹರಿಯಲಿಲ್ಲವಂತೆ. ಇರಾನಿನವರು ಬರೆದ ಕಥೆ, ಹಾಗೇ ಇರಬೇಕು. ಆದರೂ ಆ ಬಾಲ್ಕನಿಯಲ್ಲಿ ನನ್ನನ್ನು ಕಂಡವರು ನಂಬಿಯಾರು.

ಮೊನ್ನೆ ಹೆಚ್ಚುಕಡಿಮೆ ಅದೇ ಹಲಗೆ ಮತ್ತೆ ಬಂತು. ಈ ಸಲ ಮೊದಲು ಅವರ ಅಂಗಳ ನೋಡಿದೆ, ನನ್ನ ಲಂಗರು ನೋಡಿದೆ, ಬೆರಳು ಮಡಚಿ ಎಣಿಸಿದೆ. ಕಡಿದೆ. ಗುರುವುಗಾರು ದಾಳ ಉರುಳಿಸಿದರು: 5-5. ಒಳಗೆ ಬಂದರು, ನನ್ನ ಕಾಯಿ ಕಡಿದರು, ಹೊರಟೇಹೋದರು. ನಾನು ಮುಖ ಸಣ್ಣದು ಮಾಡಿಕೊಂಡಿದ್ದನ್ನು ಕಂಡು, "ಆಟ ನಿನ್ನದು ಸರಿ ಬಾಬೂ, ಗರ ನನ್ನದು" ಎಂದು ಕಾಫಿ ತರಲು ಎದ್ದರು.

ಆ ಸಂಜೆ ಆಡಿದ್ದು ಏಳು ಆಟ. ನಾನು ಗೆದ್ದದ್ದು ಎರಡು.