ದಾಸರ ನಿತ್ಯಕ್ರಮ ಮತ್ತು ಪದರಚನೆ

ಶ್ರೀ ಪುರಂದರದಾಸಾರ್ಯರು ೧೫೬೪ರ ಪುಷ್ಯ ಬಹುಳ ಅಮಾವಾಸ್ಯೆಯಂದು ಹರಿಪಾದವನ್ನು ಸೇರಿದರು. ಅವರು ರಚಿಸಿದ ಪದಗಳು ೪,೭೫,೦೦೦ ಎಂದು ಸಂಪ್ರದಾಯವು ಹೇಳುತ್ತದೆ. ಈಗ ದೊರೆಯುವುವು ಅತ್ಯಲ್ಪ. ಎಣಿಕೆಯ ಚರ್ಚೆ ವಿದ್ವಾಂಸರಿಗಿರಲಿ. ಇಷ್ಟೊಂದು ರಚನೆಯ ಮೂಲವನ್ನು ನಾವು ಅವರ ದಿನಚರಿಯಲ್ಲಿಯೇ ಕಾಣಬೇಕು.

ಕಾಲಲ್ಲಿ ಗೆಜ್ಜೆ, ಕೈಯಲ್ಲಿ ತಂಬೂರಿ, ಜೊತೆಗೆ ಗೋಪಾಳಬುಟ್ಟಿ. ಈ ಮಧುಕರವೃತ್ತಿಯು ಕೇವಲ ಉದರಪೋಷಣೆಯಾಗಿರಲಿಲ್ಲ. ನಿತ್ಯವೂ ಮನೆಮನೆಯ ಬಾಗಿಲಲ್ಲಿ ನಿಂತವರ ಕಿವಿಗೆ ಆ ಮನೆಯ ಮಾತು ಬೀಳುತ್ತದೆ. ಭಿಕ್ಷೆಯ ರಾಗಿಯೇ ಒಂದು ಪದದಲ್ಲಿ ಶ್ಲೇಷೆಯಾಗಿ, ಗೃಹಸ್ಥರು ಯೋಗ್ಯರಾಗಿ ಬಾಳಲೆಂಬ ಬೇಡಿಕೆಯಾಯಿತು. ಪೇಟೆಯ ಕಲ್ಲುಸಕ್ಕರೆಯು ಇನ್ನೊಂದರಲ್ಲಿ ಹರಿನಾಮವಾಯಿತು. ಶ್ರೀ ವ್ಯಾಸರಾಜರಲ್ಲಿ ಪ್ರಮೇಯವನ್ನು ತಿಳಿದ ದಾಸರು, ಅದನ್ನು ಹೇಳುವ ಮಾತನ್ನು ಹೊಸ್ತಿಲಲ್ಲಿ ಪಡೆದರು. ಜನರೊಡನೆ ಬೆರೆಯುವುದೂ ರಚಿಸುವುದೂ ಅವರಿಗೆ ಒಂದೇ ನಿಯಮವಾಗಿತ್ತು.

ಈಗ ಪದಗಳ ಅಭ್ಯಾಸವು ಬಹುಮಟ್ಟಿಗೆ ಆರಾಧನೆಯ ವೇದಿಕೆಗೇ ಮೀಸಲಾಗಿದೆ. ಬೆಳಗಿನ ಕೆಲಸದೊಡನೆ ಅಜ್ಜಿಯರು ಹಾಡುತ್ತಿದ್ದ ಎಷ್ಟೋ ಪದಗಳು, ಕೇಳಿ ಬರೆದಿಡುವವರಿಲ್ಲದೆ, ಅವರೊಡನೆಯೇ ಹೋದವು. ಬರುವ ಆರಾಧನೆಯೊಳಗಾಗಿ ಪ್ರತಿ ಮನೆಯ ಮಕ್ಕಳೂ ಹಿರಿಯರ ಬಳಿ ಕುಳಿತು ದಿನಕ್ಕೊಂದು ಪದವನ್ನು ಬರೆದುಕೊಳ್ಳಬೇಕೆಂದು ನಮ್ಮ ಪ್ರಾರ್ಥನೆ. ರಾಗದ ಹೆಸರು ತಿಳಿಯದಿದ್ದರೆ ಚಿಂತೆಯಿಲ್ಲ. ಅವರು ಹಾಡಿದ ಮಟ್ಟನ್ನೇ ಕಲಿತರಾಯಿತು.