ಹಲ್ಲು ಕೀಳಿಸಿದ ಮೇಲೆ ಮೂಗಲ್ಲಿ ನೀರು ಬಂದರೆ

ಮೇಲಿನ ದವಡೆಹಲ್ಲು ಕೀಳಿಸಿದ ಮೇಲೆ ಬಾಯಿ ಮುಕ್ಕಳಿಸಿದರೆ ನೀರು ಮೂಗಿನಿಂದ ಇಳಿಯುವುದುಂಟು. ಆ ಹಲ್ಲಿನ ಬೇರಿಗೂ ಕೆನ್ನೆಯೊಳಗಿನ ಸೈನಸ್ಸಿಗೂ ನಡುವೆ ಕೆಲವರಲ್ಲಿ ತೆಳು ಮೂಳೆಯಷ್ಟೇ ಇರುತ್ತದೆ. ಅದು ಬಿರಿದರೆ ದಾರಿಯಾಯಿತು. ತೀರಾ ಅಪರೂಪಕ್ಕೆ, ಆ ದಾರಿಯಲ್ಲಿ ಸೈನಸ್ಸಿಗೆ ತಗಲಿದ ಸೋಂಕು ಕಣ್ಣಿನ ಗೂಡಿಗೂ ಏರುತ್ತದೆ. ರೆಪ್ಪೆ ಊದಿ, ಕಣ್ಣು ಹೊರಳಿಸಿದರೆ ನೋವಾಗಿ, ಒಂದು ಎರಡಾಗಿ ಕಂಡರೆ, ದೃಷ್ಟಿ ಮಂಜಾದರೆ ಅಂದೇ ದೊಡ್ಡಾಸ್ಪತ್ರೆಗೆ ಹೋಗಿ. ವಕೀಲರು ಆಮೇಲೆ.

ಡಾಕ್ಟರ ಮೇಲೆ ಕೇಸು ನಿಲ್ಲುತ್ತದೆಯೇ? ತೂತು ಬಿತ್ತು ಎಂಬುದೊಂದೇ ನಿರ್ಲಕ್ಷ್ಯವಾಗದು. ಎಚ್ಚರದ ಕೈಯಲ್ಲೂ ಅದು ಆಗಬಹುದು. ಆ ವೃತ್ತಿಯಲ್ಲಿ ಸಾಮಾನ್ಯ ಪರಿಣತಿಯುಳ್ಳವರು ವಹಿಸುವಷ್ಟು ಎಚ್ಚರ ವಹಿಸಿದರೇ ಎಂಬುದೇ ಅಳತೆ ಎಂದು ಸುಪ್ರೀಂ ಕೋರ್ಟ್ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಹೇಳಿದೆ. ಕ್ರಿಮಿನಲ್ ಮೊಕದ್ದಮೆಗೆ ಘೋರ ನಿರ್ಲಕ್ಷ್ಯವೇ ಬೇಕು, ಹಾಗಾಗಿ ಮೊದಲೇ ಪೊಲೀಸ್ ಠಾಣೆಗೆ ಓಡುವುದರಲ್ಲಿ ಹೆಚ್ಚಿನ ಪ್ರಯೋಜನವಿಲ್ಲ.

ಕೇಳಬೇಕಾದ್ದು ಬೇರೆ. ಕೀಳುವ ಮುನ್ನ ಎಕ್ಸ್-ರೇ ನೋಡಿದರೇ? ಅಪಾಯ ತಿಳಿಸಿದರೇ? 2008ರ ಸಮೀರಾ ಕೊಹ್ಲಿ ಪ್ರಕರಣದ ಪ್ರಕಾರ ಚಿಕಿತ್ಸೆಯ ಸ್ವರೂಪ, ಬದಲಿ ದಾರಿ, ಮುಖ್ಯ ಅಪಾಯಗಳನ್ನು ತಿಳಿಸಿ ಪಡೆದದ್ದೇ ನಿಜವಾದ ಒಪ್ಪಿಗೆ. ಕುರ್ಚಿಯಲ್ಲಿ ಒರಗಿಸಿ, ಓದಲು ಬಿಡದೆ ರುಜು ಹಾಕಿಸಿದ ಹಾಳೆ ಎಷ್ಟರಮಟ್ಟಿಗೆ ಒಪ್ಪಿಗೆಯೋ! ನನ್ನ ಮಟ್ಟಿಗೆ ಎಲ್ಲಕ್ಕಿಂತ ತೂಕದ ಪ್ರಶ್ನೆ: ಮೂಗಲ್ಲಿ ನೀರು ಬರುತ್ತಿದೆ ಎಂದಾಗ ಅವರು ಏನು ಮಾಡಿದರು? ಮುಚ್ಚುವ ಏರ್ಪಾಡು ಮಾಡಿದರೇ, ತಜ್ಞರ ಬಳಿ ಕಳಿಸಿದರೇ, ಇಲ್ಲ ವಾರಗಟ್ಟಲೆ ಮಾತ್ರೆ ಕೊಟ್ಟು ಸಾಗಹಾಕಿದರೇ?

ಇದಕ್ಕೆ ಉತ್ತರ ಕಾಗದದಲ್ಲಿರಬೇಕು. ರಸೀದಿ, ಚೀಟಿ, ಎಕ್ಸ್-ರೇ, ವಾಟ್ಸಾಪ್ ಮಾತುಕತೆ ಅಳಿಸಬೇಡಿ. ಕ್ಲಿನಿಕ್ಕಿನ ದಾಖಲೆಯ ಪ್ರತಿಯನ್ನು ಬರವಣಿಗೆಯಲ್ಲೇ ಕೇಳಿ, ಸ್ವೀಕೃತಿ ಪಡೆಯಿರಿ.

ಹಣ ಕೊಟ್ಟು ಪಡೆದ ಚಿಕಿತ್ಸೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ಒಳಪಡುತ್ತದೆ. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆಗೆ ಅದು ಅನ್ವಯಿಸದು, ಅಲ್ಲಿ ಪರಿಹಾರಕ್ಕೆ ಸಿವಿಲ್ ಕೋರ್ಟ್ ಒಂದು ದಾರಿ. ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಇ-ಜಾಗೃತಿ ಜಾಲತಾಣದಲ್ಲೂ ಸಲ್ಲಿಸಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಕಾಲಮಿತಿ 2 ವರ್ಷ. ವೃತ್ತಿ ನೀತಿ ಮೀರಿದ್ದರ ಬಗ್ಗೆ ದೂರು ರಾಜ್ಯ ದಂತ ವೈದ್ಯಕೀಯ ಮಂಡಳಿಗೆ. ಅದು ಶಿಸ್ತುಕ್ರಮ ಕೈಗೊಳ್ಳಬಲ್ಲದು, ಪರಿಹಾರ ಕೊಡಿಸುವುದಿಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಕಡಿಮೆ ಆದಾಯದವರಿಗೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ಎರಡನೆಯ ವೈದ್ಯರ ಲಿಖಿತ ಅಭಿಪ್ರಾಯವನ್ನೂ ಸಿಟಿ ಸ್ಕ್ಯಾನ್ ವರದಿಯನ್ನೂ ದೂರಿನ ಜೊತೆಗೇ ಇಡಿ; ಎದುರು ಪಕ್ಷ ಮೊದಲು ಕೆದಕುವುದು ಅವನ್ನೇ.