ಕಂಪನಿ ಕೆಲಸಕ್ಕೆ ಖಾಸಗಿ ವಿಮಾನ: ಮಾಡಬೇಕಾದ್ದು, ಮಾಡಬಾರದ್ದು

ಅಮೆರಿಕದಲ್ಲಿ ಸಣ್ಣ ಕಂಪನಿ ನಡೆಸುವವರಿಗೂ ಅಲ್ಲಿ ನೌಕರಿಯಲ್ಲಿದ್ದು ಪ್ರೈವೇಟ್ ಪೈಲಟ್ ಲೈಸೆನ್ಸ್ ಪಡೆದವರಿಗೂ ಈ ಸೂಚನೆ. ಸ್ವಂತದ್ದೋ ಬಾಡಿಗೆಯದೋ ಒಂದು ಸೆಸ್ನಾದಲ್ಲಿ ನೌಕರ ಗ್ರಾಹಕರ ಊರಿಗೆ ಹೊರಟರೆ ಅದು ಕಂಪನಿಯ ಕೆಲಸವೇ. ಆಗ ಅಪಘಾತವಾದರೆ ದಾವೆ ಕಂಪನಿಯ ಮೇಲೂ ಬರುತ್ತದೆ.

ಮಾಡಬೇಕಾದ್ದು

ಕಂಪನಿಯ ಜನರಲ್ ಲಯಬಿಲಿಟಿ ಪಾಲಿಸಿಯಲ್ಲಿ ಏನೇನಕ್ಕೆ ವಿಮೆ ಇಲ್ಲ ಎಂದು ಬರೆದಿರುವ ಪುಟವನ್ನು ಇಂದೇ ಓದಿ. ರೂಢಿಯ ಪಾಲಿಸಿಗಳು ವಿಮಾನವನ್ನು ಹೊರಗಿಡುತ್ತವೆ. ಅದರ ಮೇಲಿನ ಅಂಬ್ರೆಲಾ ಪಾಲಿಸಿಯೂ ಸಾಮಾನ್ಯವಾಗಿ ಅದೇ ದಾರಿ ಹಿಡಿಯುತ್ತದೆ. ಈ ಕೊರತೆ ತುಂಬಲೆಂದೇ ‘ನಾನ್-ಓನ್ಡ್ ಏರ್‌ಕ್ರಾಫ್ಟ್ ಲಯಬಿಲಿಟಿ’ ಪಾಲಿಸಿ ಇದೆ. ಏಜೆಂಟರ ಬಳಿ ಹೆಸರು ಹಿಡಿದೇ ಕೇಳಿ. ನೌಕರನ ಸ್ವಂತ ಪಾಲಿಸಿಯಲ್ಲಿ ಕಂಪನಿಯನ್ನೂ ವಿಮೆದಾರನಾಗಿ ಸೇರಿಸಿ, ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಅನುಮತಿ ಕೊಡಿ.

ಮೊತ್ತ ನೋಡುವಾಗ ಎರಡನೆಯ ಅಂಕಿಯನ್ನೂ ನೋಡಲೇಬೇಕು. ಹತ್ತು ಲಕ್ಷ ಡಾಲರಿನ ಪಾಲಿಸಿ ಎಂದು ನೆಮ್ಮದಿಯಿಂದ ಇರುವವರು ಬಹಳ. ಅದರೊಳಗೇ ‘ಪ್ರತಿ ಪ್ರಯಾಣಿಕನಿಗೆ ಒಂದು ಲಕ್ಷ’ ಎಂಬ ಮಿತಿ ಇದ್ದರೆ, ಜೊತೆಗೆ ಕೂತಿದ್ದ ಗ್ರಾಹಕ ತೀರಿಕೊಂಡಾಗ ಅವರ ಮನೆಯವರಿಗೆ ವಿಮಾ ಕಂಪನಿ ಕೊಡುವುದು ಆ ಒಂದು ಲಕ್ಷವನ್ನೇ. ನ್ಯಾಯಾಲಯ ಅದಕ್ಕಿಂತ ಹೆಚ್ಚು ವಿಧಿಸಿದರೆ ಉಳಿದದ್ದನ್ನು ಕಂಪನಿಯೇ ತೆರಬೇಕು. ಈ ಒಳಮಿತಿ ಇಲ್ಲದ ಪಾಲಿಸಿ ಸಿಗುವುದಾದರೆ ಪ್ರೀಮಿಯಂ ಹೆಚ್ಚಾದರೂ ಅದನ್ನೇ ಕೊಳ್ಳಿ.

ಪೈಲಟ್‌ನ ದಾಖಲೆ ಪರಿಶೀಲಿಸಿ: 24 ತಿಂಗಳೊಳಗಿನ ಫ್ಲೈಟ್ ರಿವ್ಯೂ, ಮೆಡಿಕಲ್ ಅಥವಾ ಬೇಸಿಕ್‌ಮೆಡ್, ಪ್ರಯಾಣಿಕರಿದ್ದರೆ ಕಳೆದ 90 ದಿನಗಳಲ್ಲಿ 3 ಟೇಕಾಫ್, 3 ಲ್ಯಾಂಡಿಂಗ್. ಪಾಲಿಸಿ ಕೇಳುವ ಹಾರಾಟದ ಗಂಟೆಗಳು ಇದಕ್ಕಿಂತ ಬೇರೆ. ಅವು ತುಂಬಿರದಿದ್ದರೆ ಪರಿಹಾರ ನಿರಾಕರಿಸಲು ವಿಮಾ ಕಂಪನಿಗೆ ಅಷ್ಟೇ ಸಾಕು.

ಮಾಡಬಾರದ್ದು

ಬಾಯಿಮಾತಿನ ಒಪ್ಪಿಗೆಯ ಮೇಲೆ ಹಾರಬೇಡಿ.

ಗ್ರಾಹಕರನ್ನಾಗಲಿ ಸರಕನ್ನಾಗಲಿ ಹಣಕ್ಕೆ ಒಯ್ಯಬೇಡಿ. ಪ್ರೈವೇಟ್ ಪೈಲಟ್ ತನ್ನ ಉದ್ಯೋಗದ ಕೆಲಸಕ್ಕೆ ಹಾರಬಹುದು. ಆದರೆ ಆ ಹಾರಾಟ ಕೆಲಸಕ್ಕೆ ಪೂರಕವಷ್ಟೇ ಆಗಿರಬೇಕು, ಜನರನ್ನೂ ಸರಕನ್ನೂ ಪ್ರತಿಫಲಕ್ಕೆ ಸಾಗಿಸುವಂತಿಲ್ಲ ಎಂದು ಫೆಡರಲ್ ವಿಮಾನಯಾನ ನಿಯಮ 61.113 ಹೇಳುತ್ತದೆ. ಸಹೋದ್ಯೋಗಿ ಜೊತೆಗಿರುವಾಗ ಕಂಪನಿಯಿಂದ ಖರ್ಚು ಪಡೆಯುವ ಮೊದಲು ವಿಮಾನಯಾನ ವಕೀಲರನ್ನು ಕೇಳಿ.

ಮೀಟಿಂಗಿಗೆ ಹೊತ್ತಾಯಿತೆಂದು ಪೈಲಟ್‌ನನ್ನು ಅವಸರಪಡಿಸಬೇಡಿ. ಮೋಡ ಕವಿದಾಗ ಬೇಡ ಎನ್ನುವ ಹಕ್ಕು ಅವರದು. ಆ ಕಾರಣಕ್ಕೆ ತಡವಾದವರನ್ನು ಯಾರೂ ಪ್ರಶ್ನಿಸುವುದಿಲ್ಲ ಎಂದು ಬರೆದುಕೊಡಿ. ಕುಟುಂಬವಿರುವ ನೌಕರರು ಗುಂಪು ಅಪಘಾತ ವಿಮೆಯನ್ನು ನಂಬಿ ಕೂರಬಾರದು. ವಿಮಾನ ನಡೆಸುತ್ತಿದ್ದವರ ಸಾವನ್ನು ಹೊರಗಿಡುವ ಪಾಲಿಸಿಗಳು ಎಷ್ಟೋ ಇವೆ.

ಮಾಲೀಕರೇ, ಗೊತ್ತಿದ್ದೂ ಗೊತ್ತಿಲ್ಲದಂತೆ ಇರಬೇಡಿ. ನೀವು ಪಾವತಿಸಿದ ಇಂಧನದ ಬಿಲ್ಲೇ ಅದು ಕಂಪನಿ ಕೆಲಸವಾಗಿತ್ತು ಎಂಬುದಕ್ಕೆ ಸಾಕ್ಷಿಯಾಗುತ್ತದೆ. ವಿಮೆ ಕೊಳ್ಳುವ ಮನಸ್ಸಿಲ್ಲದಿದ್ದರೆ ಖಾಸಗಿ ವಿಮಾನ ಬಳಕೆಯನ್ನು ಲಿಖಿತವಾಗಿ ನಿಷೇಧಿಸಿ, ಪ್ರತಿ ನೌಕರನ ಸಹಿ ಪಡೆಯಿರಿ, ಮುಂದೆ ಅಂಥ ಬಿಲ್ ಬಂದರೆ ಹಣ ಕೊಡದೆ ವಾಪಸ್ ಕಳಿಸಿ.